‘ಬಿಳಿ ರಕ್ತಕಣ ಕಡಿಮೆ’ ಅಂತ ಹಾಕಿ ಕೈತೊಳೆದುಕೊಳ್ಳಬೇಡಿ

ಮಧ್ಯಾಹ್ನ ಊಟಕ್ಕೆ ಏಳುವ ಮುಂಚೆ ಒಂದು ಚಾರ್ಟ್ ಆಡಿಟ್ ಮಾಡಿದೆ. ಆಮೇಲೆ ಊಟ ಸೇರಲಿಲ್ಲ. ಸಂಜೆಯಾದರೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಅಮೆರಿಕದ ಆಸ್ಪತ್ರೆಗಳ ಚಾರ್ಟ್, ಅಂದರೆ ರೋಗಿಗಳ ದಾಖಲೆ, ನೋಡುವವಳು ಅಂತ ನಿಮಗೆಲ್ಲ ಗೊತ್ತೇ ಇದೆ. ಡಾಕ್ಟರ್ ಬರೆದ ಕಾಯಿಲೆಗೆ ಕೋಡರ್‌ಗಳು ಒಂದು ಕೋಡ್ ಹಾಕುತ್ತಾರೆ, ಅದು ಸರಿಯೇ ಅಂತ ನಾನು ಪರೀಕ್ಷಿಸುತ್ತೇನೆ. ಇವತ್ತಿನದು ಸ್ತನ ಕ್ಯಾನ್ಸರ್ ಇರುವ ಒಬ್ಬ ಹೆಂಗಸಿನದು. ಕೀಮೋ ಆಗಿ ಹತ್ತನೇ ದಿನಕ್ಕೆ ಜ್ವರ ಬಂದು ಅಡ್ಮಿಟ್ ಆಗಿದ್ದಾರೆ. ಜ್ವರ 101.2. ಬಿಳಿ ರಕ್ತಕಣ ಮೈಕ್ರೋಲೀಟರ್ ರಕ್ತಕ್ಕೆ 2,100. ಅದರಲ್ಲಿ ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಕಣ ಶೇ. 20. ಲೆಕ್ಕ ಹಾಕಿ, 420 ಬರುತ್ತದೆ. 1,500ಕ್ಕಿಂತ ಇಳಿದರೆ ನ್ಯೂಟ್ರೋಪೀನಿಯಾ, ಅಂದರೆ ನ್ಯೂಟ್ರೋಫಿಲ್ ಕೊರತೆ; 500ಕ್ಕಿಂತ ಇಳಿದರೆ ತೀವ್ರ. ಡಾಕ್ಟರ್ ಕೂಡ ಬಿಡಿಸಿ ಬರೆದಿದ್ದಾರೆ: ಕೀಮೋದಿಂದ ನ್ಯೂಟ್ರೋಪೀನಿಯಾ, ಅದರ ಜೊತೆ ಜ್ವರ.

ನಮ್ಮ ಕೋಡರ್ ಹಾಕಿದ್ದು ಡಿ72.819. ಅಂದರೆ, ಬಿಳಿ ರಕ್ತಕಣ ಕಡಿಮೆ, ಅನ್‌ಸ್ಪೆಸಿಫೈಡ್ (ವಿವರವಿಲ್ಲದ್ದು). ಪಕ್ಕದಲ್ಲಿ ಆರ್50.9, ಬರೀ ಜ್ವರ.

ಅನ್‌ಸ್ಪೆಸಿಫೈಡ್ ಹೇಗಾಗುತ್ತದೆ? ಯಾವ ಕಣ ಕಡಿಮೆ, ಯಾಕೆ ಕಡಿಮೆ, ಎರಡನ್ನೂ ಡಾಕ್ಟರ್ ಒಂದೇ ಸಾಲಲ್ಲಿ ಹೇಳಿದ್ದಾರೆ! ಇದಕ್ಕೆ ಡಿ70.1 ಇದೆ, ಕ್ಯಾನ್ಸರ್ ಕೀಮೋದಿಂದ ಆದದ್ದಕ್ಕೇ ಅಂತ. ಬೇರೆ ಕಾಯಿಲೆಯ ಜೊತೆ ಬರುವ ಜ್ವರಕ್ಕೆ ಆರ್50.81. ಔಷಧಿಯ ಅಡ್ಡಪರಿಣಾಮಕ್ಕೆ ಟಿ45.1ಎಕ್ಸ್5ಎ. ಕ್ಯಾನ್ಸರ್‌ಗೆ ಮತ್ತೊಂದು ಕೋಡ್. ಜ್ವರ ಇದ್ದರೆ ಅದನ್ನೂ ಸೇರಿಸಿ ಅಂತ ಡಿ70ರ ಕೆಳಗೇ ಅಚ್ಚು ಮಾಡಿದ್ದಾರೆ. ಡಿ72ರ ಕೆಳಗೆ ಎಕ್ಸ್‌ಕ್ಲೂಡ್ಸ್1 ಅನ್ನುವ ಸೂಚನೆಯಲ್ಲಿ ನ್ಯೂಟ್ರೋಪೀನಿಯಾ ಇಲ್ಲಿ ಬರಬಾರದು ಅಂತಲೂ ಇದೆ. ಕೋಡ್ ಹುಡುಕುವ ಎನ್‌ಕೋಡರ್ ಸಾಫ್ಟ್‌ವೇರ್‌ನಲ್ಲಿ ‘ಲೋ ಡಬ್ಲ್ಯೂಬಿಸಿ’ (ಬಿಳಿ ರಕ್ತಕಣ ಕಡಿಮೆ) ಅಂತ ಟೈಪ್ ಮಾಡಿ, ಮೊದಲು ಕಂಡದ್ದನ್ನು ಒತ್ತಿದರೆ ಇದ್ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಕೋಡ್ ಪಟ್ಟಿಯಾದ ಐಸಿಡಿ-10ರಲ್ಲಿ ಡಿ70 ಅನ್ನುವುದು ಒಂದೇ ಕೋಡ್. ಅಮೆರಿಕದವರು ತಮ್ಮ ಐಸಿಡಿ-10-ಸಿಎಂನಲ್ಲಿ ಅದನ್ನು ಏಳಾಗಿ ಒಡೆದರು. ಹುಟ್ಟಿನಿಂದ ಬಂದದ್ದು, ಕೀಮೋದಿಂದ ಬಂದದ್ದು, ಬೇರೆ ಔಷಧಿಯಿಂದ, ಸೋಂಕಿನಿಂದ, ಆಗಾಗ ಬಂದು ಹೋಗುವುದು, ಇತರೆ, ಕೊನೆಗೆ ಅನ್‌ಸ್ಪೆಸಿಫೈಡ್. 2015ರ ಅಕ್ಟೋಬರ್ 1ರಿಂದ ಇದು ಜಾರಿಯಲ್ಲಿದೆ. ಕಾರಣ ಬೇರೆಯಾದರೆ ಚಿಕಿತ್ಸೆಯೂ ಬೇರೆ, ಅದಕ್ಕೇ ಒಡೆದದ್ದು. ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್ ಮಾತ್ರೆಯಿಂದ ನ್ಯೂಟ್ರೋಫಿಲ್ ಕುಸಿದವರಿಗೆ ಆ ಮಾತ್ರೆಯನ್ನೇ ನಿಲ್ಲಿಸಬೇಕಾಗಬಹುದು. ಅವರ ದಾಖಲೆಯಲ್ಲಿ ಡಿ72.819 ಕೂತರೆ ಮುಂದೆ ನೋಡುವವರಿಗೆ ಏನು ತಿಳಿಯಬೇಕು?

ಕೋಡರ್‌ಗಳೇ, ಡಾಕ್ಟರೇ ಸರಿಯಾಗಿ ಬರೆದಿರುವುದಿಲ್ಲ ಅನ್ನುತ್ತೀರಿ. ಒಪ್ಪುತ್ತೇನೆ, ಎಷ್ಟೋ ಸಲ ಸುಮ್ನೆ ‘ಲ್ಯುಕೋಪೀನಿಯಾ’ (ಬಿಳಿ ರಕ್ತಕಣ ಕಡಿಮೆ) ಅಂತ ಗೀಚಿರುತ್ತಾರೆ. ಲ್ಯಾಬ್ ರಿಪೋರ್ಟ್‌ನಲ್ಲಿ 420 ಕಂಡಿತು ಅಂತ ನಾವೇ ಲೆಕ್ಕ ಹಾಕಿ ನ್ಯೂಟ್ರೋಪೀನಿಯಾ ಕೋಡ್ ಮಾಡುವ ಹಾಗಿಲ್ಲ, ಅದೂ ನಿಜ. ಕಾಯಿಲೆಯ ಹೆಸರು ಡಾಕ್ಟರ್ ಕೈಯಿಂದಲೇ ಬರಬೇಕು. ಅದಕ್ಕೇ ಅಲ್ವಾ ಕ್ವೆರಿ, ಅಂದರೆ ಡಾಕ್ಟರಿಗೆ ಕಳಿಸುವ ಪ್ರಶ್ನೆ, ಇರುವುದು? ಅಂಕಿಗಳನ್ನು ಮುಂದಿಟ್ಟು, ಉತ್ತರ ಅವರ ಬಾಯಿಗೆ ತುರುಕದೆ, ಇದು ಏನು ಅಂತ ಕೇಳಿ. ಮಾಮೂಲಿ ತಪಾಸಣೆಯಲ್ಲಿ ಬಿಳಿ ರಕ್ತಕಣ 3,600 ಬಂದು, ‘ಬಿಳಿ ರಕ್ತಕಣ ಕಡಿಮೆ, ಎರಡು ವಾರ ಬಿಟ್ಟು ಮತ್ತೆ ನೋಡೋಣ’ ಅಂತ ಡಾಕ್ಟರ್ ಬರೆದಿದ್ದರೆ ಡಿ72.819 ಹಾಕಿ, ನನ್ನ ತಕರಾರಿಲ್ಲ. ಅದು ಇರುವುದೇ ಅಂಥದ್ದಕ್ಕೆ. ಅನ್‌ಸ್ಪೆಸಿಫೈಡ್ ಅಂದರೆ ಡಾಕ್ಟರಿಗೇ ಇನ್ನೂ ತಿಳಿದಿಲ್ಲ ಅಂತ. ಕೋಡರ್ ಓದಲಿಲ್ಲ ಅಂತಲ್ಲ.

ಇನ್ನು ಟಾರ್ಗೆಟ್ ಮಾತು. ಗಂಟೆಗೆ ಇಷ್ಟು ಚಾರ್ಟ್ ಮುಗಿಸಬೇಕು, ಎಲ್ಲ ಓದುತ್ತಾ ಕೂತರೆ ಆಗುತ್ತಾ ಮೇಡಂ, ಅಂತ ಆ ಚಾರ್ಟ್ ಕೋಡ್ ಮಾಡಿದ ಹುಡುಗ ಕೇಳಿದ. ಟಾರ್ಗೆಟ್ ಜಾಸ್ತಿ ಇದೆ, ಅದರ ಬಗ್ಗೆ ಮ್ಯಾನೇಜರ್ ಹತ್ತಿರ ನಾನೇ ಜಗಳ ಆಡಿದ್ದೇನೆ. ಆದರೆ ನ್ಯೂಟ್ರೋಪೀನಿಯಾ ಅಂತ ಬರೆದ ಆ ಸಾಲು ಇದ್ದದ್ದು ಡಾಕ್ಟರ ನೋಟ್‌ನ ಅಸೆಸ್‌ಮೆಂಟ್ ಭಾಗದಲ್ಲಿ, ಮೊದಲನೇ ಸಾಲು. ಓದಲು ಅರ್ಧ ನಿಮಿಷ ಬೇಡ.

ಇಷ್ಟು ಸಿಟ್ಟು ಯಾಕೆ ಅಂತ ಹೇಳಿಬಿಡುತ್ತೇನೆ. ಅಕ್ಕನಿಗೆ ಕೀಮೋ ನಡೆಯುತ್ತಿದ್ದಾಗ ಒಂದು ರಾತ್ರಿ ಹೀಗೇ ಜ್ವರ ಬಂತು. ಹತ್ತಿರ ಸಿಕ್ಕ ಆಸ್ಪತ್ರೆಗೆ ಕರೆದುಕೊಂಡು ಓಡಿದೆವು. ಕೈಯಲ್ಲಿದ್ದ ಹಿಂದಿನ ಸಲದ ಡಿಸ್ಚಾರ್ಜ್ ಹಾಳೆಯಲ್ಲಿ ಬರೆದಿದ್ದದ್ದು ‘ಬಿಳಿ ರಕ್ತಕಣ ಕಡಿಮೆ’ ಅಂತ ಮಾತ್ರ. ಡ್ಯೂಟಿ ಡಾಕ್ಟರ್ ಹಾಳೆ ತಿರುಗಿಸಿ ತಿರುಗಿಸಿ ನೋಡಿದರು. “ಹೋದ ಸಲ ನ್ಯೂಟ್ರೋಫಿಲ್ ಎಷ್ಟಿತ್ತಮ್ಮಾ?” ಅಂದರು. ದಿನವಿಡೀ ಇದೇ ಕೆಲಸ ಮಾಡುವ ನನಗೆ ಗೊತ್ತಿರಲಿಲ್ಲ. ಇಂಥ ಜ್ವರಕ್ಕೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಶುರುವಾಗಬೇಕು. ಆ ಡಾಕ್ಟರ್ ರಕ್ತದ ರಿಪೋರ್ಟಿಗೆ ಕಾಯದೆ ಡ್ರಿಪ್ ಹಾಕಿಸಿದರು, ಅಕ್ಕ ಉಳಿದಳು. ಅದಕ್ಕೂ ಮುಂಚೆ ನಾನೂ ಎಷ್ಟೋ ಚಾರ್ಟ್‌ಗಳಿಗೆ ಡಿ72.819 ಒತ್ತಿ ಮುಂದಕ್ಕೆ ಕಳಿಸಿದ್ದೇನೆ. ಅವು ಯಾರ ಚಾರ್ಟ್‌ಗಳೋ ಏನೋ.

ಆ ಹುಡುಗನ ಚಾರ್ಟ್ ವಾಪಸ್ ಕಳಿಸಿದ್ದೇನೆ. ಈ ತಿಂಗಳು ಅವನು ಡಿ72.819 ಹಾಕಿದ ಎಲ್ಲ ಚಾರ್ಟ್‌ಗಳನ್ನೂ ನಾಳೆ ಇಬ್ಬರೂ ಕೂತು ಮತ್ತೆ ತೆಗೆಯುತ್ತೇವೆ.