80 ಪೌಂಡಿನ ಕಾಗದ 36 ಕೆಜಿ ಅಲ್ಲ ಸ್ವಾಮಿ

ಹೋದ ವಾರ ರಾತ್ರಿ ಹನ್ನೊಂದಾದ ಮೇಲೆ ಒಂದು ಫೈಲು ಬಂತು. ಅಮೆರಿಕದಲ್ಲಿ ಲಗ್ನಪತ್ರಿಕೆ, ಶುಭಾಶಯ ಪತ್ರ, ಅದಕ್ಕೆ ಬೇಕಾದ ಕಾಗದ ಮಾರುವವರ ಕ್ಯಾಟಲಾಗು. ಇಂಗ್ಲಿಷಿನಿಂದ ಫ್ರೆಂಚಿಗೆ ಆಗಬೇಕು. "ಯಂತ್ರ ಅನುವಾದ ಮಾಡಿಟ್ಟಿದೆ, ನೀವು ಕಣ್ಣಾಡಿಸಿ ಕೊಟ್ಟರೆ ಸಾಕು" ಅಂತ ಏಜೆನ್ಸಿಯವರ ಒಕ್ಕಣೆ.

ಕಣ್ಣಾಡಿಸಿದೆ. ಮೂಲದಲ್ಲಿ ಇದ್ದದ್ದು '80 ಪೌಂಡ್ ಸ್ಟಾಕ್'. ಕಾಗದದವರ ಬಾಯಲ್ಲಿ ಸ್ಟಾಕ್ ಅಂದರೆ ಕಾಗದವೇ. ಯಂತ್ರಕ್ಕೆ ಅದೆಲ್ಲ ಗೊತ್ತಿಲ್ಲವಲ್ಲ, ಪೌಂಡನ್ನು ಕಿಲೊ ಮಾಡಿ, ಸ್ಟಾಕನ್ನು ದಾಸ್ತಾನು ಮಾಡಿ, '36 ಕೆಜಿ ದಾಸ್ತಾನಿದೆ' ಅಂತ ಅಚ್ಚುಕಟ್ಟಾದ ಫ್ರೆಂಚಿನಲ್ಲಿ ಬರೆದಿಟ್ಟಿತ್ತು. ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಇನ್ನೊಂದು ಕಡೆ 'ಲಕೋಟೆಯ ಕಾಗದ 36 ಕೆಜಿ' ಅಂತಿತ್ತು. ತುಂಬಿದ ಗ್ಯಾಸ್ ಸಿಲಿಂಡರಿಗಿಂತ ಭಾರದ ಲಕೋಟೆ!

ನಗಬಾರದು ನಾನು. ಹದಿನಾಲ್ಕು ವರ್ಷದ ಹಿಂದೆ, ಈ ಕಸುಬಿಗೆ ಹೊಸಬಳಾಗಿದ್ದಾಗ, ಇದೇ ತಪ್ಪನ್ನು ಯಾವ ಯಂತ್ರದ ಸಹಾಯವೂ ಇಲ್ಲದೆ ಸ್ವಂತ ಬುದ್ಧಿಯಿಂದಲೇ ಮಾಡಿದ್ದೆ. ಅದು ಪ್ರಿಂಟರಿನ ಕೈಪಿಡಿ. 'ಎಲ್ಲ ಅಳತೆಗಳನ್ನೂ ಮೆಟ್ರಿಕ್‌ಗೆ ಬದಲಾಯಿಸಿ' ಅಂತ ಸೂಚನೆ ಇತ್ತು, ಬದಲಾಯಿಸಿದೆ. 20 ಪೌಂಡ್ ಅಂದದ್ದು 9 ಕೆಜಿ ಆಯಿತು. ಫ್ರಾನ್ಸಿನಲ್ಲಿ ಅದನ್ನು ತಿದ್ದಿದ ಮಹಾರಾಯ್ತಿ ಅಂಚಿನಲ್ಲಿ ಒಂದೇ ಒಂದು ಪ್ರಶ್ನೆ ಬರೆದು ಕಳಿಸಿದ್ದಳು: "ಈ ಹಾಳೆ ಎತ್ತಲು ಎಷ್ಟು ಜನ ಬೇಕು?" ಆ ಅವಮಾನ ಇವತ್ತಿಗೂ ಹಸಿಯಾಗಿದೆ. ಕಾಗದದ ವಿಷಯ ನಾನು ಕಲಿತದ್ದು ಅದರ ಉರಿಯಲ್ಲೇ.

ಸಂಗತಿ ಏನೆಂದರೆ, ಅಮೆರಿಕದವರು ಕಾಗದಕ್ಕೆ ಹೇಳುವ ಪೌಂಡು ಒಂದು ಹಾಳೆಯ ತೂಕ ಅಲ್ಲ, ನೀವು ಕೊಂಡ ಪೊಟ್ಟಣದ ತೂಕವೂ ಅಲ್ಲ. 500 ಹಾಳೆಯ ಒಂದು ರೀಮಿನ ತೂಕ. ಅದೂ ಕತ್ತರಿಸುವ ಮೊದಲಿನ ದೊಡ್ಡ ಹಾಳೆಯದು. ಆ ದೊಡ್ಡ ಹಾಳೆ ಎಷ್ಟು ದೊಡ್ಡದು ಅನ್ನುವುದು ಕಾಗದದ ಜಾತಿಗೊಂದು ಥರ. ಬಾಂಡ್, ಅಂದರೆ ಆಫೀಸಿನಲ್ಲಿ ಬಳಸುವ ಕಾಗದವಾದರೆ 17×22 ಇಂಚು. ಪುಸ್ತಕದ ಒಳಪುಟದ ಕಾಗದ, ಅವರು ಟೆಕ್ಸ್ಟ್ ಅನ್ನುವುದು, 25×38 ಇಂಚು. ಮುಖಪುಟದ ದಪ್ಪ ಕಾಗದ, ಅಂದರೆ ಕವರ್, 20×26. ಈ ಮೂಲ ಹಾಳೆ ಯಾವುದು ಅಂತ ಪೊಟ್ಟಣದ ಮೇಲೆ ಬರೆದಿರುವುದಿಲ್ಲ. ಅಲ್ಲಿಯ ಅಂಗಡಿಯವನಿಗೆ ಗೊತ್ತು, ಪ್ರೆಸ್ಸಿನವನಿಗೆ ಗೊತ್ತು. ಬೆಂಗಳೂರಲ್ಲಿ ಕೂತ ನನಗೆ ಹೇಗೆ ಗೊತ್ತಾಗಬೇಕು?

ಇದರಿಂದ ಆಗುವ ತಮಾಷೆ ನೋಡಿ. '20 ಪೌಂಡ್' ಅಂತ ಮುದ್ರಿಸಿದ ಆಫೀಸು ಕಾಗದದ 500 ಹಾಳೆಯ ಪೊಟ್ಟಣವನ್ನು ತಕ್ಕಡಿಗೆ ಹಾಕಿದರೆ ತೂಗುವುದು 5 ಪೌಂಡು. 17×22ರ ಹಾಳೆಯಿಂದ ನಾಲ್ಕು ಲೆಟರ್ ಸೈಜಿನ, ಅಂದರೆ ಅಲ್ಲಿಯ ಆಫೀಸಿನ ಮಾಮೂಲಿ ಅಳತೆಯ, ಹಾಳೆ ಬರುತ್ತದಲ್ಲ, ಅದಕ್ಕೆ. ಇನ್ನೂ ಇದೆ. 20 ಪೌಂಡಿನ ಬಾಂಡ್ ಮತ್ತು 50 ಪೌಂಡಿನ ಟೆಕ್ಸ್ಟ್ ಹೆಚ್ಚುಕಡಿಮೆ ಒಂದೇ ತೂಕದ ಕಾಗದ, ಒಂದು ಚದರ ಮೀಟರಿಗೆ 75 ಗ್ರಾಂ ಆಸುಪಾಸು. 65 ಪೌಂಡಿನ ಕವರ್ 176 ಗ್ರಾಂ ಇದ್ದರೆ 80 ಪೌಂಡಿನ ಟೆಕ್ಸ್ಟ್ 118 ಗ್ರಾಂ. ಅಂಕಿ ದೊಡ್ಡದು, ಹಾಳೆ ತೆಳ್ಳಗೆ. ಅದೇ 80 ಪೌಂಡು ಕವರ್ ಆಗಿದ್ದರೆ 216 ಗ್ರಾಂ. ಈಗ ಹೇಳಿ, ಬರೀ '80 ಪೌಂಡ್ ಸ್ಟಾಕ್' ಅಂತ ಬರೆದವನ ಮನಸ್ಸಿನಲ್ಲಿ ಇದ್ದದ್ದು 118ಓ 216ಓ? ಒಂದು ಕರಪತ್ರ, ಇನ್ನೊಂದು ವಿಸಿಟಿಂಗ್ ಕಾರ್ಡಿನ ಹತ್ತಿರದ್ದು.

ಫ್ರೆಂಚರಿಗೆ ಈ ಗೋಳಿಲ್ಲ. ಅವರಲ್ಲಿ ಗ್ರಾಮಾಜ್ ಅನ್ನುವ ಒಂದೇ ಮಾತು: ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ಅಂತ. ನಮ್ಮ ಜಿಎಸ್‌ಎಂ. ಇಂಗ್ಲಿಷಿನ 'ಪೇಪರ್ ವೇಟ್' ನೋಡಿ ತೂಕಕ್ಕೆ ಅವರಲ್ಲಿರುವ ಸಾಮಾನ್ಯ ಪದ 'ಪ್ವಾ' ಹಾಕಿದರೆ, ಇದು ಕಾಗದ ಮುಟ್ಟಿ ನೋಡದವರ ಅನುವಾದ ಅಂತ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಗ್ರಾಮಾಜ್ ಅಲ್ಲಿ ಶಾಲೆಮಕ್ಕಳ ಬಾಯಲ್ಲೂ ಇರುವ ಲೆಕ್ಕ. ಶಾಲೆ ಶುರುವಾಗುವಾಗ ಕೊಡುವ ಸಾಮಾನಿನ ಪಟ್ಟಿಯಲ್ಲಿ 24×32 ಸೆಂ.ಮೀ.ನ ಚಿತ್ರದ ಹಾಳೆ, 180 ಗ್ರಾಂ ಅಥವಾ 224 ಗ್ರಾಂ ಅಂತ ಬರೆದಿರುತ್ತಾರೆ. ಲೆಕ್ಕವೂ ಎಷ್ಟು ಸಲೀಸು! ಎ0 ಹಾಳೆ ಅಂದರೆ ಒಂದು ಚದರ ಮೀಟರು, ಅದರಲ್ಲಿ 16 ಎ4. ಹಾಗಾಗಿ 80 ಗ್ರಾಮಿನ ಒಂದು ಎ4 ಹಾಳೆ ಸರಿಯಾಗಿ 5 ಗ್ರಾಂ. ಲಕೋಟೆಗೆ ಅಂಚೆಚೀಟಿ ಹಚ್ಚುವ ಮುಂಚೆ ತೂಕವನ್ನು ಬಾಯಲ್ಲೇ ಲೆಕ್ಕ ಹಾಕಬಹುದು.

ಅಮೆರಿಕದವರನ್ನು ಬೈದು ಸುಮ್ಮನಾಗೋಣ ಅಂದುಕೊಂಡಿದ್ದೆ. ಸುಲ್ತಾನ್‌ಪೇಟೆಯಲ್ಲಿ ನನಗೆ ಪರಿಚಯದ ಒಬ್ಬ ಕಾಗದದ ವ್ಯಾಪಾರಿ ಇದ್ದಾರೆ. ಅವರ ಮುಂದೆ ಈ ಪೌಂಡಿನ ಕಥೆ ಹೇಳಿದೆ. ನಗುತ್ತಾರೆ ಅಂತ ಕಾದರೆ, ಅವರು ಕನ್ನಡಕ ಹಣೆಗೇರಿಸಿ, "ಅದರಲ್ಲೇನಿದೆ ಮೇಡಂ, ನಾವೂ ಹಂಗೇ ಅಲ್ವಾ" ಅಂದರು. ಬಿಲ್ಲು ತೋರಿಸಿದರು. 58.5×91, 18.6 ಕೆಜಿ ಅಂತಿತ್ತು. ಲೆಕ್ಕ ಹಾಕಿ ನೋಡಿದೆ: ಆ ಸೆಂಟಿಮೀಟರ್ ಅಳತೆಯ 500 ಹಾಳೆ 70 ಜಿಎಸ್‌ಎಂ ಕಾಗದ 18.6 ಕಿಲೊ ತೂಗುತ್ತದೆ. ಕನ್ನಡ ಪುಸ್ತಕದ ಮೊದಲ ಪುಟಗಳಲ್ಲಿ 'ಬಳಸಿದ ಕಾಗದ: 70 ಜಿಎಸ್‌ಎಂ ಮ್ಯಾಪ್ಲಿಥೊ' ಅಂತ ಓದಿರುತ್ತೀರಲ್ಲ, ಅದೇ ಕಾಗದ ಪೇಟೆಯಲ್ಲಿ ಹೀಗೆ ಕಿಲೊ ಲೆಕ್ಕದಲ್ಲಿ ಓಡಾಡುತ್ತದೆ. ವ್ಯತ್ಯಾಸ ಇಷ್ಟೇ: ನಮ್ಮವರು ಹಾಳೆಯ ಅಳತೆಯನ್ನೂ ಜೊತೆಗೇ ಬರೆಯುತ್ತಾರೆ. ಅಮೆರಿಕದವರು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಾರೆ.

ತೂಕದ್ದು ಗಣಿತ, ಕೋಷ್ಟಕ ಇಟ್ಟುಕೊಂಡರೆ ಮುಗಿಯಿತು. ನಿಜವಾದ ಹೊಂಡ ಇರುವುದು ಕಾಗದದ ಜಾತಿಯ ಹೆಸರುಗಳಲ್ಲಿ.

ಇಂಗ್ಲಿಷಿನಲ್ಲಿ 'ಲೇಯ್ಡ್' ಅಂತ ಒಂದು ಕಾಗದ ಇದೆ. ಬೆಳಕಿಗೆ ಹಿಡಿದರೆ ಒಳಗೆ ಸಣ್ಣ ಸಣ್ಣ ಸಾಲುಗೆರೆ ಕಾಣುತ್ತವೆ, ಕಾಗದ ಮಾಡುವ ಜರಡಿಯ ತಂತಿಯ ಗುರುತು. ನಿಘಂಟು ಹಿಡಿದು ಹೋದರೆ 'ಲೇ' ಅನ್ನುವುದಕ್ಕೆ ಫ್ರೆಂಚಿನಲ್ಲಿ 'ಕೂಶೆ' ಸಿಗುತ್ತದೆ, ಮಲಗಿಸು ಅಂತ. ಆದರೆ ಕೂಶೆ ಕಾಗದ ಅಂದರೆ ಬೇರೆಯೇ: ಮೇಲೆ ಬಿಳಿ ಮಣ್ಣಿನ ಲೇಪ ಕೊಟ್ಟು ನುಣುಪು ಮಾಡಿದ್ದು, ನಮ್ಮ ಪ್ರೆಸ್ಸಿನವರು ಆರ್ಟ್ ಪೇಪರ್ ಅನ್ನುವುದು. ಗೆರೆ ಕಾಗದಕ್ಕೆ ಅವರು ಕರೆಯುವುದು 'ವೆರ್ಜೆ'. ಇನ್ನು ನಮ್ಮ ಕಡೆಯ ಗಿರಾಕಿ ಇಂಗ್ಲಿಷಿನಲ್ಲಿ ಆರ್ಟ್ ಪೇಪರ್ ಅಂತ ಬರೆದು, ನಾನು ಅದನ್ನು 'ಪಾಪಿಯೆ ದಾರ್' ಅಂತ ಮಾಡಿದರೆ, ಫ್ರೆಂಚ್ ಓದುಗ ಅದನ್ನು ಚಿತ್ರಕಾರರ ಹಾಳೆ ಅಂದುಕೊಳ್ಳುತ್ತಾನೆ.

ಎಲ್ಲಕ್ಕಿಂತ ಕಿಲಾಡಿ 'ವೆಲ್ಲಮ್'. ಮೂಲದಲ್ಲಿ ಕರುವಿನ ಚರ್ಮದಿಂದ ಮಾಡಿದ ಬರೆಯುವ ಹಾಳೆ. ಆ ಇಂಗ್ಲಿಷ್ ಪದ ಹುಟ್ಟಿದ್ದೇ ಹಳೆಯ ಫ್ರೆಂಚಿನ 'ವೆಲ್ಯಾಂ'ನಿಂದ. ತವರಿಗೆ ವಾಪಸು ಕಳಿಸುವುದು ಸುಲಭ ಅಂದುಕೊಂಡಿರಾ? ಮದುವೆಯಾಗಿ ಹೋದ ಮೇಲೆ ಎರಡೂ ಕಡೆ ಅರ್ಥ ಬದಲಾಗಿದೆ. ಅಮೆರಿಕದ ಲಗ್ನಪತ್ರಿಕೆಯವರಿಗೆ ವೆಲ್ಲಮ್ ಅಂದರೆ ಮಂಜು ಕವಿದ ಹಾಗೆ ಅರೆಪಾರದರ್ಶಕ ಕಾಗದ. ಹಳೆಯ ಮದುವೆ ಆಲ್ಬಮ್ಮುಗಳಲ್ಲಿ ಫೋಟೊಗಳ ನಡುವೆ ಬಟರ್ ಪೇಪರ್ ಇರುತ್ತಿತ್ತಲ್ಲ, ಅದರ ಶ್ರೀಮಂತ ತಂಗಿ. ಫ್ರೆಂಚಿನಲ್ಲಿ ಅದಕ್ಕೆ ಕಾಲ್ಕ್ ಅನ್ನಬೇಕು. ಫ್ರೆಂಚಿನ ವೆಲ್ಯಾಂ ಕಾಗದವೋ, ಗೆರೆಯಿಲ್ಲದ ಸಮತಟ್ಟಾದ ಹಾಳೆ. ಇಂಗ್ಲಿಷಿನಲ್ಲಿ ಅದು 'ವೋವ್'. ಇದನ್ನು ಇಂಗ್ಲೆಂಡಿನಲ್ಲಿ ಜೇಮ್ಸ್ ವಾಟ್ಮನ್ ಮಾಡಿದ, 1757ರಲ್ಲಿ ಬಾಸ್ಕರ್‌ವಿಲ್ ಅನ್ನುವ ಮುದ್ರಕ ರೋಮನ್ ಕವಿ ವರ್ಜಿಲನ ಕಾವ್ಯದ ಒಂದು ಭಾಗವನ್ನು ಅದರ ಮೇಲೆ ಅಚ್ಚು ಹಾಕಿದ. ನಯವಾದ ಆ ಹಾಳೆ ಕರುಚರ್ಮದ ನೆನಪು ತಂದಿತು ಅಂತ ಫ್ರೆಂಚರು ಹಳೆಯ ಹೆಸರನ್ನೇ ಕೊಟ್ಟರು. ಅಲ್ಲಿಗೆ ವೆಲ್ಲಮ್ಮನ್ನು ವೆಲ್ಯಾಂ ಅಂತ ಅನುವಾದಿಸಿದರೆ, ವಧುವರರ ಹೆಸರು ಕೆಳಗಿನಿಂದ ಮಸುಕಾಗಿ ಕಾಣಲಿ ಅಂತ ಕಾಗದ ತರಿಸಿದವರ ಕೈಗೆ ಆಚೆ ಏನೂ ಕಾಣದ ಹಾಳೆ ಬಂದು ಬೀಳುತ್ತದೆ.

ಜಲವರ್ಣದ ಕಾಗದದ ಕಥೆ ನನಗೆ ಇಷ್ಟ. ಇಂಗ್ಲಿಷಿನಲ್ಲಿ ಅದನ್ನು ಮಾಡುವ ವಿಧಾನದ ಹೆಸರು: ಬಿಸಿ ಒತ್ತು, ತಣ್ಣನೆ ಒತ್ತು. ಫ್ರೆಂಚಿನಲ್ಲಿ ಮುಟ್ಟಿದರೆ ಹೇಗಿದೆ ಅನ್ನುವ ಹೆಸರು: ಬಿಸಿ ಒತ್ತಿನದು 'ಸಾತಿನೆ', ರೇಷ್ಮೆಯಂಥದು, ತಣ್ಣನೆಯದು 'ಗ್ರ್ಯಾಂ ಫ್ಯಾಂ', ಸಣ್ಣ ತರಿ. ಅತಿ ಒರಟಾದದ್ದು 'ತೋರ್ಶೋಂ', ಅಂದರೆ ಅಡುಗೆಮನೆಯ ಒರೆಸುವ ಬಟ್ಟೆ. ಯಂತ್ರ ಇಲ್ಲಿ 'ಪಾಪಿಯೆ ಫ್ರ್ವಾ' ಅಂತ ಬರೆದಿತ್ತು: ಚಳಿ ಕಾಗದ.

ಇನ್ನೊಂದು ಪದಕ್ಕೆ ನಾನು ಮಾರುಹೋದೆ. ಕಾಗದ ಹಗುರ ಇದ್ದೂ ಕೈಗೆ ದಪ್ಪ ಅನ್ನಿಸುವ ಗುಣಕ್ಕೆ ಇಂಗ್ಲಿಷಿನಲ್ಲಿ ಬಲ್ಕ್ ಅನ್ನುತ್ತಾರೆ. ಯಂತ್ರ ಅದನ್ನು 'ಆಂ ವ್ರಾಕ್' ಮಾಡಿತ್ತು, ಚೀಲ ಬಿಚ್ಚಿ ಸುರಿದ ಅಕ್ಕಿಯ ಹಾಗೆ ಬಿಡಿಬಿಡಿಯಾಗಿ ಮಾರುವ ಮಾಲು. ಸರಿಯಾದ ಪದ 'ಮ್ಯಾಂ', ಅಂದರೆ ಕೈ. ದಪ್ಪವನ್ನು ಗ್ರಾಮಾಜಿನಿಂದ ಭಾಗಿಸಿದರೆ ಬರುವ ಅಂಕಿ ಅದು. ಮ್ಯಾಂ 2 ಇರುವ 80 ಗ್ರಾಮಿನ ಹಾಳೆ 160 ಮೈಕ್ರಾನ್ ದಪ್ಪ. ಸಣ್ಣ ಕಾದಂಬರಿಯನ್ನು ಉಬ್ಬಿಸಿ ಮಾರಲು ಹೇಳಿ ಮಾಡಿಸಿದ್ದು. ಅದೇ ಮ್ಯಾಂ 25 ಹಾಳೆಯ ಕಟ್ಟಿಗೂ ಹೆಸರು. ಓದುತ್ತಾ ಥಟ್ಟನೆ ನೆನಪಾದದ್ದು ನಮ್ಮ 'ದಸ್ತು'. ಅಂಗಡಿಗೆ ಹೋಗಿ ಒಂದು ದಸ್ತು ಬಿಳಿಹಾಳೆ ತರುತ್ತಿದ್ದೆವಲ್ಲ, 24 ಹಾಳೆ. ಅದು ಫಾರಸಿ ಭಾಷೆಯ 'ದಸ್ತ್'ನಿಂದ ಬಂದದ್ದು, ಅಂದರೆ ಕೈ! ಅಲ್ಲೂ ಕೈ, ಇಲ್ಲೂ ಕೈ, ಎರಡೂ ಕಾಗದದ ಕಟ್ಟು. ಆ ರಾತ್ರಿ ಕೆಲಸ ಬಿಟ್ಟು ಅರ್ಧ ಗಂಟೆ ಇದನ್ನೇ ಯೋಚಿಸುತ್ತ ಕೂತಿದ್ದೆ. ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ.

ಬಾಂಡ್ ಪೇಪರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಲಪತ್ರ ಅಚ್ಚು ಹಾಕುತ್ತಿದ್ದ ಗಟ್ಟಿ ಕಾಗದದಿಂದ ಬಂದ ಹೆಸರು. ನಮ್ಮೂರಲ್ಲಂತೂ 'ಬಾಂಡ್ ಪೇಪರ್ ಮೇಲೆ ಬರೆದುಕೊಡು' ಅಂದರೆ ಛಾಪಾ ಕಾಗದವೇ. ಕೆನಡಾದ ಮಾಂಟ್ರಿಯಲ್‌ನಲ್ಲಿ ಫ್ರೆಂಚಿನೊಳಗೂ ಬಾಂಡ್ ಬಾಂಡ್ ಆಗಿಯೇ ನಡೆಯುತ್ತದೆ.

ಅಲ್ಲಿದೆ ಇನ್ನೊಂದು ತೊಡಕು. 'ಫ್ರೆಂಚಿಗೆ ಮಾಡಿ' ಅಂತಾರೆ, ಯಾರ ಫ್ರೆಂಚಿಗೆ? ಮಾಂಟ್ರಿಯಲ್ ಇರುವ ಪ್ರಾಂತ ಕೆಬೆಕ್‌ನವರು ಮಾತಾಡುವುದು ಫ್ರೆಂಚೇ, ಆದರೆ ಕಾಗದ ಕೊಳ್ಳುವುದು ಪೌಂಡಿನಲ್ಲಿ, ಲೆಟರ್ ಸೈಜಿನಲ್ಲಿ. ಅವರಿಗೆ 216 ಗ್ರಾಂ ಅಂತ ಮಾತ್ರ ಬರೆದರೆ ಪ್ರೆಸ್ಸಿನವನು ಮತ್ತೆ ಪೌಂಡಿಗೆ ತಿರುಗಿಸಿಕೊಳ್ಳಬೇಕು. ಪ್ಯಾರಿಸಿನವನಿಗೆ ಪೌಂಡು ಅಂದರೆ ತರಕಾರಿ ಸಂತೆಯ ಅರ್ಧ ಕಿಲೊ. ನನ್ನ ಪಾಲಿಗೆ ಸರಿ ಅನ್ನಿಸಿದ್ದು: ಕೆನಡಾಕ್ಕಾದರೆ ಎರಡೂ ಅಂಕಿ, ಫ್ರಾನ್ಸಿಗಾದರೆ ಗ್ರಾಂ ಮಾತ್ರ, ಮೂಲ ಹಾಳೆ ಗೊತ್ತಾಗದಿದ್ದರೆ ಯಾವುದೂ ಇಲ್ಲ, ಮೊದಲು ಕೇಳು.

ಈ ಕೇಳುವುದೇ ಈಗ ದುಬಾರಿ. ಪದಕ್ಕಿಷ್ಟು ಅಂತ ಕೊಡುತ್ತಾರೆ. ಯಂತ್ರ ಮಾಡಿಟ್ಟದ್ದನ್ನು ತಿದ್ದಿದರೆ ಅದರಲ್ಲೂ ಅರ್ಧ. '80 ಪೌಂಡ್ ಸ್ಟಾಕ್' ಅಂದರೆ ಮೂರು ಪದ. ಆ ಮೂರು ಪದಕ್ಕೆ ನಾನು ಮೂರು ಈಮೇಲ್ ಬರೆದರೆ ನನ್ನ ಗಂಟೆಯ ಸಂಪಾದನೆ ಆಟೊ ಮಿನಿಮಮ್ಮಿಗೂ ಸಾಲದು. ಕೇಳದೆ ಏನೋ ಒಂದು ಬರೆದು ಕಳಿಸಿದವರಿಗೆ ಮುಂದಿನ ಫೈಲು ಬೇಗ ಸಿಗುತ್ತದೆ, ಕೇಳಿದವಳು 'ಕಿರಿಕಿರಿ' ಅನ್ನಿಸಿಕೊಳ್ಳುತ್ತಾಳೆ. ಯಂತ್ರದ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅದು ಕಾಗದ ಮುಟ್ಟಿಲ್ಲ, ಪಾಪ. ಮುಟ್ಟಿದವರನ್ನು ಕೇಳಲು ಹತ್ತು ನಿಮಿಷ ಕೊಡದವರ ಮೇಲೆ ಇದೆ.

ಆದರೂ ಕೇಳಿದೆ. "ಈ 80 ಪೌಂಡು ಟೆಕ್ಸ್ಟೋ ಕವರೋ?" ಅಂತ. ಎರಡು ದಿನ ಬಿಟ್ಟು ಗಿರಾಕಿಯಿಂದ ಉತ್ತರ ಬಂತು: "80 ಪೌಂಡು. ಬರೆದಿರುವ ಹಾಗೆಯೇ." ಮತ್ತೆ ಬರೆದೆ: ಪೊಟ್ಟಣದ್ದೊಂದು ಫೋಟೊ ತೆಗೆದು ಕಳಿಸಿ. ಏಜೆನ್ಸಿಯವರು ಫೋನ್ ಮಾಡಿ, "ಮೇಡಂ, ಇದಕ್ಕೆಲ್ಲ ಫೋಟೊ ಯಾಕೆ" ಅಂತ ರಾಗ ಎಳೆದರು. ಕೊನೆಗೆ ನಿನ್ನೆ ಬಂತು, ಗೋದಾಮಿನ ಅರೆಬೆಳಕಲ್ಲಿ ಯಾರೋ ಕೈ ನಡುಗಿಸಿಕೊಂಡು ತೆಗೆದದ್ದು. ದೊಡ್ಡದು ಮಾಡಿ ನೋಡಿದೆ. ಕೆಳಗಿನ ಮೂಲೆಯಲ್ಲಿ, ಬಾರ್‌ಕೋಡಿನ ಪಕ್ಕ, ಇರುವೆ ಗಾತ್ರದ ಅಕ್ಷರದಲ್ಲಿ ಅಚ್ಚಾಗಿತ್ತು: 216 ಜಿಎಸ್‌ಎಂ.