ಸ್ಕ್ರೀನ್ ಒಡೆದ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಬೇಡಿ

ನಮ್ಮ ಮನೆಯ ಅಟ್ಟದಲ್ಲಿ ದೊಡ್ಡಪ್ಪ ತೆಗೆದ ಯಕ್ಷಗಾನ ಆಟದ ವಿಡಿಯೊ ಕ್ಯಾಸೆಟ್‌ಗಳು ಸಿಕ್ಕಿದವು. ಎಲ್ಲವೂ ಮಿನಿ ಡಿವಿ, ಹಳೆ ಹ್ಯಾಂಡಿಕ್ಯಾಮ್‌ಗೆ ಹಾಕುವ ಪುಟ್ಟ ಡಿಜಿಟಲ್ ಟೇಪು. ಕಾಸರಗೋಡಿನ ಕುಂಬಳೆ, ಮಧೂರು, ಬದಿಯಡ್ಕದ ಸುತ್ತಮುತ್ತ ಬೆಳಗಿನವರೆಗೆ ನಡೆದ ಬಯಲಾಟಗಳು. ಎರಡಕ್ಕೆ ಬಿಳಿ ಬೂಷ್ಟು ಹಿಡಿದಿತ್ತು. ನಮ್ಮ ಮಳೆಗಾಲಕ್ಕೆ ಹಿಡಿಯದೆ ಇರುತ್ತದಾ? ಅವನ್ನು ಬೇರೆ ಇಟ್ಟೆ. ಹಾಗೇ ಹಾಕಿದರೆ ಕ್ಯಾಮೆರಾದಲ್ಲಿ ಟೇಪು ಓದುವ ಹೆಡ್ ಹಾಳಾಗುತ್ತದೆ.

ಉಳಿದವನ್ನು ಫೈರ್‌ವೈರ್ ಕಾರ್ಡ್ (ಇಂಥ ಕ್ಯಾಮೆರಾದ ಕೇಬಲ್ ಸಿಕ್ಕಿಸುವ ಕಾರ್ಡ್) ಇರುವ ಡೆಸ್ಕ್‌ಟಾಪ್‌ಗೆ ಇಳಿಸಿಕೊಂಡೆ. ಒಂದು ಗಂಟೆಯ ಕ್ಯಾಸೆಟ್‌ಗೆ ಸುಮಾರು 13 ಜಿಬಿ. ಒಂದು ಆಟಕ್ಕೆ ಎಂಟು ಕ್ಯಾಸೆಟ್, ಅಂದರೆ ನೂರು ಜಿಬಿ ದಾಟಿತು. ಇದನ್ನು ಯಾರಿಗೆ ಕಳಿಸುವುದು? ಎನ್‌ಕೋಡ್ ಮಾಡಿ ಸಣ್ಣದು ಮಾಡಲೇಬೇಕು. ಡೆಸ್ಕ್‌ಟಾಪನ್ನು ಅದಕ್ಕೆ ಹಚ್ಚಿದರೆ ನನ್ನ ದಿನದ ಕೆಲಸ ನಿಲ್ಲುತ್ತದೆ.

ಆಗ ನೆನಪಾದದ್ದು ಸ್ಕ್ರೀನ್ ಒಡೆದು ಮೂಲೆ ಸೇರಿದ್ದ ಹಳೆ ಐ3 ಲ್ಯಾಪ್‌ಟಾಪ್. "ಸ್ಕ್ರೀನ್ ಹಾಕುವ ದುಡ್ಡಿಗೆ ಇಂಥದ್ದೇ ಇನ್ನೊಂದು ಬರುತ್ತದೆ, ಗುಜರಿಗೆ ಕೊಡಿ" ಎಂದಿದ್ದರು ರಿಪೇರಿಯವರು. ಅವರ ಲೆಕ್ಕ ಸರಿಯೇ. ಆದರೆ ಎನ್‌ಕೋಡ್ ಮಾಡಲು ಸ್ಕ್ರೀನ್ ಯಾಕೆ ಬೇಕು?

ಒಂದೇ ಸಲ ಟಿವಿಗೆ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿ ಡೆಬಿಯನ್ ಲಿನಕ್ಸ್ ಹಾಕಿದೆ, ದೂರದಿಂದಲೇ ಒಳಹೊಕ್ಕು ಕೆಲಸ ಹೇಳಲು ಎಸ್‌ಎಸ್‌ಎಚ್ ಆನ್ ಮಾಡಿದೆ. ಮುಚ್ಚಳ ಮುಚ್ಚಿದರೂ ನಿದ್ದೆಗೆ ಹೋಗದ ಹಾಗೆ ಸೆಟ್ಟಿಂಗ್ ಬದಲಾಯಿಸಿದೆ. ಈಗ ಅದು ಚಾವಡಿಯ ಕಪಾಟಿನ ಮೇಲೆ ಗಾಳಿ ಆಡುವ ಜಾಗದಲ್ಲಿದೆ. ರಾತ್ರಿ ಊಟ ಆದ ಮೇಲೆ ಮೊಬೈಲಿನಿಂದಲೇ ಒಳಹೊಕ್ಕು ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶಕ್ಕೆ ಕೆಲಸ ಹೇಳಿ ಮಲಗುತ್ತೇನೆ. ಅದನ್ನು ಟಿಮಕ್ಸ್ ಎಂಬ ತಂತ್ರಾಂಶದ ಒಳಗೆ ಓಡಿಸುವುದರಿಂದ ಮೊಬೈಲ್ ಸಂಪರ್ಕ ತಪ್ಪಿದರೂ ಕೆಲಸ ನಿಲ್ಲುವುದಿಲ್ಲ. ಫೈಲು ಲ್ಯಾಪ್‌ಟಾಪ್ ಒಳಗೇ ಇರುವುದರಿಂದ ವೈಫೈ ಹೋದರೂ ತೊಂದರೆ ಇಲ್ಲ. ಕರೆಂಟ್ ಹೋದರೆ ಅದರ ಬ್ಯಾಟರಿಯೇ ಅರ್ಧ ಗಂಟೆ ತಡೆಯುತ್ತದೆ. ಡೆಸ್ಕ್‌ಟಾಪ್‌ಗೆ ಈ ಸುಖ ಇಲ್ಲ. (ಬ್ಯಾಟರಿ ಉಬ್ಬಿದ್ದರೆ ಮಾತ್ರ ದಯವಿಟ್ಟು ಬಳಸಬೇಡಿ.)

ನನಗೆ ಜಾಸ್ತಿ ದಿನ ಹಿಡಿದದ್ದು ದಿಗಿಣ, ಅಂದರೆ ಹಾರಿ ಹಾರಿ ಸುತ್ತುವ ಕುಣಿತ. ಮೊದಲ ಸಲ ಎನ್‌ಕೋಡ್ ಮಾಡಿದಾಗ ಪುಂಡುವೇಷ (ಎಳೆಯ ವೀರನ ಪಾತ್ರ) ಗಿರ್ರನೆ ತಿರುಗುವಾಗ ಅಂಚಿನಲ್ಲೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಬಂತು. ಆ ಕ್ಯಾಮೆರಾಗಳು ಸೆಕೆಂಡಿಗೆ 50 ಅರ್ಧ ಚಿತ್ರಗಳನ್ನು ತೆಗೆದು, ಎರಡೆರಡನ್ನು ಹೆಣೆದು 25 ಮಾಡಿ ಇಡುತ್ತವೆ. ಗೆರೆ ಹೋಗಲಿ ಎಂದು 25ಕ್ಕೇ ಬಿಡಿಸಿದರೆ ದಿಗಿಣ ಕುಂಟುತ್ತದೆ. ಒಂದೊಂದು ಅರ್ಧ ಚಿತ್ರವನ್ನೂ ಪೂರ್ತಿ ಮಾಡಿ 50ಕ್ಕೆ ಬಿಡಿಸಿದಾಗ ಪಾದ ನೆಲ ಮುಟ್ಟುವುದು ಸರಿಯಾಗಿ ಚೆಂಡೆಯ ಪೆಟ್ಟಿಗೆ ಬಂತು. ಅದಕ್ಕೆ ಎಫ್‌ಎಫ್‌ಎಂಪೆಗ್‌ನಲ್ಲೇ ಇರುವ ಬಿಡಬ್ಲ್ಯೂಡಿಫ್ ಫಿಲ್ಟರ್ ಸಾಕು.

ಇನ್ನು ರಾಳ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಪ್ರವೇಶಕ್ಕೆ ಉರಿಯುವ ದೊಂದಿಗೆ, ಅಂದರೆ ಪಂಜಿಗೆ, ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗೆನ್ನುತ್ತದೆ, ಹೊಗೆ ಇಡೀ ರಂಗಸ್ಥಳ ತುಂಬುತ್ತದೆ. ಬಿಟ್‌ರೇಟನ್ನು (ಸೆಕೆಂಡಿಗೆ ಇಷ್ಟೇ ಡೇಟಾ ಎಂದು) ಗಟ್ಟಿ ಕಟ್ಟಿಟ್ಟರೆ ಅಲ್ಲಿ ಎಲ್ಲವೂ ಚೌಕ ಚೌಕ. ಹಾಗಾಗಿ ಎಕ್ಸ್264 ಎಂಬ ಎನ್‌ಕೋಡರಿನಲ್ಲಿ ಸಿಆರ್‌ಎಫ್ 18 ಇಟ್ಟೆ, ಇದು ಡೇಟಾದ ಬದಲು ಗುಣಮಟ್ಟವನ್ನು ಹಿಡಿದಿಡುವ ಸೆಟ್ಟಿಂಗ್. ಭಾಗವತರು ಕೂತು ಪದ ಹೇಳುವಾಗ ಕಡಿಮೆ ಖರ್ಚು ಮಾಡುತ್ತದೆ, ರಾಳದ ಹೊತ್ತಿಗೆ ಕೈಬಿಚ್ಚಿ ಕೊಡುತ್ತದೆ. ಒಂದು ಕ್ಯಾಸೆಟ್‌ಗೆ ಎರಡು ಗಂಟೆ ಹಿಡಿಯುತ್ತದೆ, ಫೈಲು ಎರಡೂವರೆ ಜಿಬಿ ಆಸುಪಾಸು. ಬೇಗ ಮುಗಿಯಲಿ ಎಂದು ಚಿಪ್ಪಿನ ಹಾರ್ಡ್‌ವೇರ್ ಎನ್‌ಕೋಡರ್ ಹಿಡಿಯಬೇಡಿ. ಹಳೆ ಚಿಪ್ಪಿನಲ್ಲಿ ಹೊಗೆ ಕೆಸರಾಗುತ್ತದೆ. ನಾವು ಮಲಗಿರುವಾಗ ಅದಕ್ಕೆಂಥ ಅವಸರ?

ಮೊನ್ನೆ ಅಪ್ಪನಿಗೆ ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಮೇಲೆ ಮಾಡಿ ಹತ್ತಿರ ಹಿಡಿದರು. "ಇದು ಮಧೂರಿನ ಆಟ ಅಲ್ವಾ? ಚೆಂಡೆಯ ಹಿಂದೆ ನಿಂತದ್ದು ನಾನೇ ಮಾರಾಯ" ಎಂದು ಅದೊಂದು ತುಂಡನ್ನೇ ಮೂರು ಸಲ ನೋಡಿದರು.

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ನಿಮ್ಮ ಮನೆಯಲ್ಲೂ ಇಂಥ ಕ್ಯಾಸೆಟ್ ಇದ್ದರೆ ಪತ್ತನಾಜೆಯ (ಮೇ 24ರ ಆಸುಪಾಸಿನ) ಒಳಗೆ ತಂದುಕೊಡಿ, ಮಳೆ ಹಿಡಿದ ಮೇಲೆ ಕಷ್ಟ. ದುಡ್ಡು ಬೇಡ, ಒಂದು ಪೆನ್‌ಡ್ರೈವ್ ತನ್ನಿ.