ಮೊದಲು ತಗಡು, ಆಮೇಲೆ ಬಣ್ಣ

ಕಳೆದ ಭಾನುವಾರ ನಮ್ಮ ಬಿಲ್ಡಿಂಗಿನ ಹುಡುಗನೊಬ್ಬ ಹಳೇ ಪ್ರೀಮಿಯರ್ ಪದ್ಮಿನಿ ನೋಡೋಕೆ ಹೋಗ್ತಿದ್ದೀನಿ, ನೀವೂ ಬನ್ನಿ ಅಕ್ಕಾ ಅಂತ ಕರೆದ. ಹೋದೆ. ಕಾರು ಫಳಫಳ ಹೊಳೆಯುತ್ತಿತ್ತು. ಕೆನೆ ಬಣ್ಣ, ಹೊಸ ಸೀಟ್ ಕವರ್, ಮುಖ ಕಾಣುವಂಥ ಬಂಪರ್. ಹುಡುಗ ಆಗಲೇ ಮನಸ್ಸು ಕೊಟ್ಟಾಗಿತ್ತು. ನಾನು ಮನೆಯ ಫ್ರಿಡ್ಜ್ ಮೇಲಿದ್ದ ಒಂದು ಆಯಸ್ಕಾಂತವನ್ನು ಕರ್ಚೀಫಿನಲ್ಲಿ ಸುತ್ತಿ ತಗೊಂಡು ಹೋಗಿದ್ದೆ. ಬಾನೆಟ್ ಮೇಲೆ ಇಟ್ಟೆ, ಹಿಡಿಯಿತು. ಬಾಗಿಲ ನಡುವೆ ಇಟ್ಟೆ, ಅಲ್ಲೂ ಹಿಡಿಯಿತು. ಬಾಗಿಲ ಕೆಳಗಿನ ಅಂಚಿಗೆ ತಂದೆ, ಜಾರಿ ನೆಲಕ್ಕೆ ಬಿತ್ತು. ಮುಂದಿನ ಮಡ್‌ಗಾರ್ಡಿನ ಬುಡದಲ್ಲೂ ಹಾಗೇ ಬಿತ್ತು. ಅಲ್ಲೆಲ್ಲ ಆಯಸ್ಕಾಂತ ಹಿಡಿಯದ ಪುಟ್ಟಿಯನ್ನು, ಅಂದರೆ ತಗ್ಗು ತುಂಬುವ ಪೇಸ್ಟನ್ನು, ದಪ್ಪಗೆ ಮೆತ್ತಿದ್ದರು. ಅದರ ಹಿಂದೆ ತಗಡು ಎಷ್ಟು ಉಳಿದಿದೆಯೋ ದೇವರೇ ಬಲ್ಲ.

ಬೇಡಪ್ಪಾ ಅಂದೆ. ಅವನ ಮುಖ ಚಿಕ್ಕದಾಯಿತು. ಆ ಮುಖ ನೋಡಿದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

ನಮ್ಮ ಮುಂಬೈಯಲ್ಲಿ ಹಳೇ ಕಾರನ್ನು ಹೊಸದು ಮಾಡಿಕೊಡ್ತೀವಿ ಅಂತ ನಡೆಯುವ ಕೆಲಸದಲ್ಲಿ ತುಕ್ಕು ತೆಗೆಯೋದು ಕಮ್ಮಿ, ಮುಚ್ಚೋದೇ ಜಾಸ್ತಿ. ನನ್ನ ಕಾರಿಗೇ ಹೀಗಾಗಿದೆ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ನಮ್ಮದು 1986ರ ಪದ್ಮಿನಿ. ಅಪ್ಪ ಚೆಂಬೂರಿಗೆ ಬಂದು ನೆಲೆಸಿದ ಮೇಲೆ ಕೊಂಡ ಮೊದಲ ಕಾರು. ಕಂಪನಿಯ ಕಾರ್ಖಾನೆ ಇದ್ದದ್ದು ಪಕ್ಕದ ಕುರ್ಲಾದಲ್ಲೇ. ಫಿಯಟ್ 1100 ಡಿಲೈಟ್ ಅಂತ ಬರುತ್ತಿದ್ದ ಕಾರು, ಆಮೇಲೆ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ ಆಯಿತು. 1089 ಸಿಸಿ ಇಂಜಿನ್, ಸ್ಟೇರಿಂಗ್ ಪಕ್ಕದಲ್ಲಿ ಗೇರು, ಮುಂದೆ ಬೆಂಚಿನಂಥ ಸೀಟು. ಅಪ್ಪ, ಅಮ್ಮ, ನಡುವೆ ನಾನು. ಹಾಗೆ ಕೂತು ಮಾಟುಂಗಾಕ್ಕೆ ದೋಸೆ ತಿನ್ನೋಕೆ ಹೋಗುತ್ತಿದ್ದೆವು. ಅಪ್ಪ ಗೇರು ಹಾಕುವಾಗ ನಾನು ಮೊಣಕಾಲು ಸರಿಸಿಕೊಳ್ಳುತ್ತಿದ್ದೆ.

ಅಪ್ಪ ಹೋದ ಮೇಲೆ, 2015ರಲ್ಲಿ, ಕಾರನ್ನು ಒಂದು ಗ್ಯಾರೇಜಿಗೆ ಕೊಟ್ಟೆ. ಡೆಂಟಿಂಗ್, ಪೇಂಟಿಂಗ್ ಎಲ್ಲ ಸೇರಿ ಮೂವತ್ತೆಂಟು ಸಾವಿರ. ಹತ್ತೇ ದಿನಕ್ಕೆ ವಾಪಸ್ ಬಂತು. ನೋಡಿ ಅಮ್ಮ ಅತ್ತುಬಿಟ್ಟರು, ಅಷ್ಟು ಚೆನ್ನಾಗಿ ಕಾಣುತ್ತಿತ್ತು. ಎರಡು ಮಳೆಗಾಲ ಕಳೆಯಿತು. ಬಾಗಿಲ ಕೆಳಗೆ ಸಣ್ಣ ಸಣ್ಣ ಗುಳ್ಳೆ ಎದ್ದವು. ಒಂದನ್ನು ಉಗುರಿನಿಂದ ಒತ್ತಿದೆ. ಅಂಗೈಯಗಲದ ಚಕ್ಕೆ ಕಿತ್ತು ಕೈಗೆ ಬಂತು. ಒಳಗೆ ಕಾಫಿಪುಡಿಯಂಥ ತುಕ್ಕು, ಅದರೊಳಗೆ ಮಡಚಿ ತುರುಕಿದ ಹಳೇ ಪೇಪರು. ಸೊಟ್ಟಗಿನ ಒಂದು ತಗಡನ್ನು ನಾಲ್ಕು ರಿವೆಟ್ ಹೊಡೆದು ಕೂರಿಸಿ, ಮೇಲೆ ಪುಟ್ಟಿ ಬಳಿದಿದ್ದರು. ಅಪ್ಪನ ಕಾರಿನ ಹೊಟ್ಟೆಯಲ್ಲಿ ಪೇಪರು. ಈಗಲೂ ನೆನೆದರೆ ಸಂಕಟವಾಗುತ್ತದೆ.

ಪುಟ್ಟಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಗಟ್ಟಿ ತಗಡಿನ ಮೇಲೆ ತೆಳ್ಳಗೆ ಎಳೆದು, ಉಬ್ಬುತಗ್ಗು ಸಮ ಮಾಡೋದಕ್ಕೆ ಅದು ಇರೋದು. ತೂತು ಮುಚ್ಚೋಕಲ್ಲ. ಪುಟ್ಟಿ ತೇವ ಹೀರುತ್ತೆ. ಹೀರಿದ ತೇವ ತಗಡಿಗೆ ಅಂಟಿಕೊಂಡೇ ಇರುತ್ತೆ. ನಮ್ಮದು ಸಮುದ್ರದ ಊರು, ಗಾಳಿಯಲ್ಲೇ ಉಪ್ಪು. ಉಪ್ಪು ಸೇರಿದ ನೀರಿನಲ್ಲಿ ಕಬ್ಬಿಣ ಇನ್ನೂ ಬೇಗ ತುಕ್ಕು ಹಿಡಿಯುತ್ತೆ. ತುಕ್ಕಿಗೆ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಜಾಗ ಬೇಕು. ಅದು ಒಳಗಿಂದ ಉಬ್ಬಿ ಬಣ್ಣವನ್ನು ಎತ್ತುತ್ತೆ. ಅಂದರೆ ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಕೆಲಸ ಮುಗಿದಿರುತ್ತೆ.

ಈ ಸಲ ಕುರ್ಲಾದ ಸಿಎಸ್‌ಟಿ ರೋಡ್ ಕಡೆ ಒಬ್ಬ ಕಾಕಾ ಸಿಕ್ಕರು. ವಿಜಯಪುರ ಜಿಲ್ಲೆಯವರು. ಹುಡುಗನಾಗಿ ಮುಂಬೈಗೆ ಬಂದು ಟ್ಯಾಕ್ಸಿಗಳ ಡೆಂಟಿಂಗ್ ಮಾಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಎಷ್ಟಾಗುತ್ತೆ ಅಂತ ಕೇಳಿದೆ. "ಈಗ ಹೆಂಗ ಹೇಳ್ಲಿ ಅಕ್ಕಾರ? ಮೊದಲ ಪೂರಾ ಕೆರೀತೀನಿ. ಎಷ್ಟು ಪತ್ರಾ ಉಳದೈತಿ ನೋಡೂಣು. ಆಮ್ಯಾಲ ಲೆಕ್ಕಾ ಹೇಳ್ತೀನ್ರಿ" ಅಂದರು (ಪತ್ರಾ ಅಂದರೆ ತಗಡು). ಆ ಒಂದು ಮಾತಿಗೇ ಕಾರು ಒಪ್ಪಿಸಿ ಬಂದೆ. ಕೆರೆಯುವ ಮುಂಚೆಯೇ ಪಕ್ಕಾ ರೇಟ್ ಹೇಳುವವರು ಏನು ಮಾಡ್ತಾರೆ ಅಂತ ನನಗೆ ಗೊತ್ತಿತ್ತಲ್ವಾ.

ಶನಿವಾರ ಶನಿವಾರ ಹೋಗಿ ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತು ನೋಡಿದೆ. ಬಾಗಿಲು ತೆಗೆದರೆ ಕಾಲಡಿ ಸಿಗುವ ಉದ್ದ ಡಬ್ಬಿಯಂಥ ಭಾಗಕ್ಕೆ ಸಿಲ್ ಅಂತಾರೆ. ಎಡಗಡೆಯದ್ದು ಪೂರ್ತಿ ಹೋಗಿತ್ತು. ಪದ್ಮಿನಿಗೆ ಭಾರ ಹೊರುವ ಬೇರೆ ಚೌಕಟ್ಟು, ಅಂದರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಸಿಲ್ ಸುಮ್ನೆ ಕತ್ತರಿಸಿಬಿಟ್ಟರೆ ಕಾರು ನಡುವೆ ಜಗ್ಗುತ್ತೆ, ಆಮೇಲೆ ಬಾಗಿಲು ಕೂರೋದೇ ಇಲ್ಲ. ಅದಕ್ಕೆ ಕಾಕಾ ಮೊದಲು ಕಾರನ್ನು ನಾಲ್ಕೂ ಕಡೆ ಸಮವಾಗಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದರು. ಬಾಗಿಲ ಚೌಕಟ್ಟಿನೊಳಗೆ ಅಡ್ಡಕ್ಕೆ ಕಬ್ಬಿಣದ ಪೈಪ್ ಬೆಸೆದರು. ಬಾಗಿಲ ಸುತ್ತ ಸಂದು ಎಲ್ಲೆಲ್ಲಿ ಎಷ್ಟಿದೆ ಅಂತ ಸೀಮೆಸುಣ್ಣದಲ್ಲಿ ಬರೆದಿಟ್ಟರು. ಆಮೇಲೇ ಗ್ರೈಂಡರ್ ಎತ್ತಿದ್ದು.

ತುಕ್ಕು ಕಂಡಷ್ಟೇ ಕತ್ತರಿಸಲಿಲ್ಲ, ಬೆಳ್ಳಿಯಂಥ ತಗಡು ಸಿಗುವ ತನಕ ಹೋದರು. "ಗಟ್ಟಿ ಪತ್ರಾ ಸಿಗೂ ಮಟ ಹೋಗಬೇಕ್ರಿ. ಜಂಗಿಗೆ ವೆಲ್ಡಿಂಗ್ ಹಿಡಿಯೂದಿಲ್ಲ" ಅಂದರು (ಜಂಗು ಅಂದರೆ ತುಕ್ಕು). ರಟ್ಟಿನಲ್ಲಿ ಅಳತೆ ಕತ್ತರಿಸಿ, 20 ಗೇಜಿನ ಹೊಸ ತಗಡಿಗೆ ಗೆರೆ ಎಳೆದರು. ಅಂದರೆ ಸುಮಾರು 0.9 ಮಿಲಿಮೀಟರ್ ದಪ್ಪ. ಸಿಲ್‌ನ ಬಾಗು ತರೋದಕ್ಕೆ ಯಾವ ಯಂತ್ರವೂ ಇಲ್ಲ. ಒಂದು ಪೈಪು, ಒಂದು ಮರದ ಸುತ್ತಿಗೆ, ಕೈ. ಹತ್ತು ಏಟು ಹೊಡೆಯೋದು, ಕಾರಿಗೆ ಹಿಡಿದು ನೋಡೋದು, ಮತ್ತೆ ಹತ್ತು ಏಟು. ಕಣ್ಣು ಮುಚ್ಚಿ ಬೆರಳಲ್ಲಿ ಸವರಿ ನೋಡುತ್ತಿದ್ದರು.

ವೆಲ್ಡಿಂಗ್ ಕೂಡ ಒಂದೇ ಗೆರೆಯಾಗಿ ಎಳೆಯಲಿಲ್ಲ. ಈ ತುದಿಗೆ ಒಂದು ಚುಕ್ಕೆ, ಆ ತುದಿಗೆ ಒಂದು, ನಡುವೆ ಒಂದು. ಕೈ ಇಡುವಷ್ಟು ತಣ್ಣಗಾದ ಮೇಲೆ ಮುಂದಿನ ಚುಕ್ಕೆ. ತೆಳು ತಗಡು ಒಂದೇ ಕಡೆ ಕಾದರೆ ಅಲೆ ಅಲೆಯಾಗಿ ಸುಕ್ಕುಗಟ್ಟುತ್ತೆ. ಆ ಸುಕ್ಕು ಮುಚ್ಚೋಕೆ ಮತ್ತೆ ಪುಟ್ಟಿಯೇ ಬೇಕಾಗುತ್ತೆ. ಒಂದು ಸಿಲ್‌ಗೆ ನಾಲ್ಕು ದಿನ ಹಿಡಿಯಿತು. ಬೆಸುಗೆ ಸಾಣೆ ಹಿಡಿದ ದಿನವೇ ತೇವ ತಡೆಯುವ ಎಪಾಕ್ಸಿ ಪ್ರೈಮರ್ ಹೊಡೆದರು, ನಾಳೆ ನೋಡೋಣ ಅನ್ನಲಿಲ್ಲ. ನಮ್ಮ ಗಾಳಿಗೆ ಬರೀ ತಗಡು ಒಂದು ರಾತ್ರಿ ಇಟ್ಟರೂ ಬೆಳಿಗ್ಗೆ ಕಂದು ಪುಡಿ ಕೂತಿರುತ್ತೆ. ಕೊನೆಗೆ ಸಿಲ್ ಒಳಗೆ ಟ್ಯೂಬ್ ತೂರಿಸಿ ಮೇಣ ಸಿಂಪಡಿಸಿದರು. ಯಾರ ಕಣ್ಣಿಗೂ ಬೀಳದ ಜಾಗ ಅದು.

ಒಟ್ಟು ಒಂದು ಲಕ್ಷ ಎಪ್ಪತ್ತು ಸಾವಿರ ಆಯಿತು, ಹೊರಗಿನ ಬಣ್ಣ ಬಿಟ್ಟು. ಹುಚ್ಚಾ ನಿನಗೆ, ಆ ದುಡ್ಡಿಗೆ ಓಡುವ ಸೆಕೆಂಡ್ ಹ್ಯಾಂಡ್ ಕಾರು ಬರುತ್ತೆ ಅಂತ ಅಣ್ಣ ಬೈದ. ಬರುತ್ತೆ, ಒಪ್ಪಿದೆ. ಆದರೆ ಮೂವತ್ತೆಂಟು ಸಾವಿರವನ್ನು ಎರಡು ಮಳೆಗಾಲಕ್ಕೆ ಕಳೆದುಕೊಂಡವಳಿಗೆ ಯಾವುದು ದುಬಾರಿ ಅಂತ ಚೆನ್ನಾಗಿ ಗೊತ್ತು. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಬಣ್ಣ ಮುಂದಕ್ಕೆ ಹಾಕಿ. ಎಪಾಕ್ಸಿ ಪ್ರೈಮರ್ ಹೊಡೆದ ಮಾಸಲು ಕಾರನ್ನೇ ಸ್ವಲ್ಪ ದಿನ ಓಡಿಸಿ, ಯಾರೇನು ಅಂದರೂ ಅನ್ನಲಿ. ಸಿಲ್, ಫ್ಲೋರ್, ಡಿಕ್ಕಿಯ ತಳ ಮೊದಲು.

ಇನ್ನೊಂದು ಚಿಂತೆ ನನಗೆ. 2023ರ ಅಕ್ಟೋಬರ್‌ನಲ್ಲಿ ಮುಂಬೈಯ ಕೊನೇ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಟ್ಯಾಕ್ಸಿಗೆ 20 ವರ್ಷದ ಮಿತಿ ಇದೆಯಲ್ಲ. ಕಪ್ಪು ಹಳದಿ ಹೋಯಿತು ಅಂತ ಎಲ್ಲರೂ ಫೋಟೋ ಹಾಕಿದರು, ನಾನೂ ಹಾಕಿದೆ. ಕಾಕಾರಂಥವರ ಹೊಟ್ಟೆ ತುಂಬಿಸಿದ್ದು ಆ ಟ್ಯಾಕ್ಸಿಗಳೇ ಅನ್ನೋದು ಅವತ್ತು ನನಗೂ ಹೊಳೆದಿರಲಿಲ್ಲ. ಅವರ ಮಗ ಈಗ ಬಂಪರ್ ಬದಲಾಯಿಸುವ ಕೆಲಸ ಮಾಡುತ್ತಾನೆ. ತಪ್ಪಲ್ಲ, ಬದುಕಬೇಕಲ್ಲ. ಆದರೆ ತಗಡಿಗೆ ಬಾಗು ತರುವ ಆ ಕೈಗೆ ಕೆಲಸ ಕೊಡುವವರು ಇನ್ನು ನಾವೇ, ಹಳೇ ಕಾರು ಇಟ್ಟುಕೊಂಡವರು. ಅವರಿಗೆ ನಾಲ್ಕು ದಿನದ ಕೂಲಿ ಕೊಡೋಕೆ ಚೌಕಾಸಿ ಮಾಡಿ, ಹೊಳಪಿಗೆ ಮಾತ್ರ ಲಕ್ಷ ಸುರಿಯೋದು ನನಗೆ ನೋಡೋಕಾಗಲ್ಲ.

2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಬಾಡಿ ಶೆಲ್ ಬದಲಾಯಿಸಿರಬಾರದು. ನಮ್ಮದಕ್ಕೆ 2036ಕ್ಕೆ ಐವತ್ತು ತುಂಬುತ್ತೆ. ಅಷ್ಟು ದಿನ ಅದರ ಸ್ವಂತ ಮೈಯಲ್ಲೇ ಉಳಿಸಬೇಕು ಅಂತ ಆಸೆ.

ಕೆಲಸ ಮುಗಿದ ದಿನ ಕಾಕಾ ಅಡ್ಡ ಪೈಪು ಕತ್ತರಿಸಿ ತೆಗೆದು, ಎಡ ಬಾಗಿಲನ್ನು ಎರಡು ಬೆರಳಲ್ಲಿ ತಳ್ಳಿದರು. ಟಕ್ ಅಂತ ಕೂತಿತು. ಸೀಮೆಸುಣ್ಣದ ಗುರುತು ನೋಡಿದರೆ ಸಂದು ಮೊದಲಿದ್ದಷ್ಟೇ ಇತ್ತು. ಅವರು ಏನೂ ಹೇಳದೆ ಒದ್ದೆ ಬಟ್ಟೆಯಲ್ಲಿ ಆ ಗುರುತು ಒರೆಸಿದರು. ಹಿಂದಿನ ಎಡ ಚಕ್ರದ ಕಮಾನು ಇನ್ನೂ ಬಾಕಿ ಇದೆ. ಮಳೆ ಹಿಡಿದಾಗ ಬೇಡ, ಒಣ ಹವಾ ಬರಲಿ ಅಂದಿದ್ದಾರೆ. ಜನವರಿಯಲ್ಲಿ ಮತ್ತೆ ಕುರ್ಲಾಕ್ಕೆ ಹೋಗ್ತೀನಿ. ಆ ಹುಡುಗನನ್ನೂ ಕರೆದುಕೊಂಡು ಹೋಗ್ತೀನಿ.